ಕಡ್ಲಿದಿನ್ನಿ ಸಾಲಿಯ ಮ್ಯಾಳಗಿ

ನಾಡಿನ ಇತಿಹಾಸ ಬರೆಯುವವರು ಯುದ್ಧ, ಸಂಧಿ, ಪಟ್ಟಾಭಿಷೇಕಗಳನ್ನೇ ಹಿಡಿದುಕೊಂಡು ಕೂಡುತ್ತಾರೆ. ಅದರಿಂದಾಗಿ ನಿಜವಾಗಿ ತೂಕವುಳ್ಳ ಸಂಗತಿಗಳು ಯಾರ ಗಮನಕ್ಕೂ ಬರದೆ ಉಳಿದುಬಿಡುತ್ತವೆ. ಅಂಥದೊಂದು ಸಂಗತಿ ೧೯೯೯ರ ಬೇಸಿಗೆಯಲ್ಲಿ, ಬಸವನ ಬಾಗೇವಾಡಿ ತಾಲೂಕಿನ ಕಡ್ಲಿದಿನ್ನಿ ಎಂಬ ಊರಿನಲ್ಲಿ ತೀರ್ಮಾನಕ್ಕೆ ಬಂತು. ಸರಕಾರಿ ಪ್ರಾಥಮಿಕ ಶಾಲೆಯ ಮಾಳಿಗೆಯ ಮೇಲೆ ಆ ವರ್ಷ ಮೊದಲ ಬುಟ್ಟಿ ಮಣ್ಣು ಯಾರು ಸುರುವಬೇಕು ಎಂಬುದೇ ಅದು. ದಿಲ್ಲಿಯಲ್ಲಿ ಸರಕಾರ ಬಿದ್ದಿತ್ತು, ಗಡಿಯಲ್ಲಿ ಗುಂಡು ಹಾರುತ್ತಿತ್ತು, ವಿಲಾಯತಿಯಲ್ಲಿ ಕ್ರಿಕೆಟ್ಟಿನ ವಿಶ್ವಕಪ್ಪು ನಡೆದಿತ್ತು. ಕಡ್ಲಿದಿನ್ನಿಯ ಕಟ್ಟೆಗಳ ಮೇಲೆ ಮಾತ್ರ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ ಮಾತು: “ಈ ಸಲ ಮಣ್ಣ ಯಾರ್ದೋ?”

ಈ ಪ್ರಶ್ನೆಯನ್ನು ಎಬ್ಬಿಸಿದವರು ಮುಖ್ಯೋಪಾಧ್ಯಾಯ ಪರಮಾನಂದ ಮಾಸ್ತರರು. ಅವರು ಎಬ್ಬಿಸುವ ತನಕ ಅದು ಪ್ರಶ್ನೆಯೇ ಆಗಿರಲಿಲ್ಲ.

ಮೊದಲು ಕಟ್ಟಡದ ಮಾತು. ಅದನ್ನು ಶಾಲೆಗೆಂದು ಯಾರೂ ಕಟ್ಟಿರಲಿಲ್ಲ. ಮುಂಬಯಿ ಇಲಾಖೆಯ ಕಾಲದಲ್ಲಿ ಕಲೆಕ್ಟರ ಸಾಹೇಬನೊಬ್ಬ ಸುತ್ತಾಟಕ್ಕೆ ಹೊರಟವನು ಕಡ್ಲಿದಿನ್ನಿಯಲ್ಲಿ ಒಂದು ರಾತ್ರಿ ತಂಗುತ್ತಾನೆಂದು ಸುದ್ದಿ ಬಂತಂತೆ. ನಮ್ಮೂರಿಗೆ ಬಂದ ಸಾಹೇಬ ಡೇರೆಯಲ್ಲಿ ಮಲಗುವುದೇ ಎಂದು ಆಗಿನ ಗೌಡರಿಗೆ ಅವಮಾನವಾಗಿ, ಊರ ಮಂದಿಯನ್ನೆಲ್ಲ ದುಡಿಸಿ ಬಂಗಲೆಯೊಂದನ್ನು ಎಬ್ಬಿಸಿದರು. ಸಾಹೇಬ ದಾರಿಯಲ್ಲಿ ಹೊಟ್ಟೆ ಕೆಟ್ಟು ಮುದ್ದೇಬಿಹಾಳದಿಂದಲೇ ಕುದುರೆ ತಿರುಗಿಸಿದ. ಬಂಗಲೆಯಲ್ಲಿ ಕೆಲವು ಕಾಲ ಗೌಡರ ದನದ ಮೇವಿನ ಕಣಿಕೆ ಮಲಗಿತು. ಕಡೆಗೆ ಲೋಕಲ್ ಬೋರ್ಡಿನವರು ಶಾಲೆಗೆ ಜಾಗ ಕೇಳಿದಾಗ ಗೌಡರು ಉದಾರವಾಗಿ ಕೊಟ್ಟರು; ಕಣಿಕೆಗೆ ಅಷ್ಟರಲ್ಲಿ ಹೆಗ್ಗಣ ಹತ್ತಿತ್ತು.

ಹೀಗಾಗಿ ಕಡ್ಲಿದಿನ್ನಿಯ ಮಕ್ಕಳು ನಾಲ್ಕು ತಲೆಮಾರಿನಿಂದ, ಬಾರದೆ ಹೋದ ಅತಿಥಿಯ ಮನೆಯಲ್ಲಿ ಮಗ್ಗಿ ಹೇಳುತ್ತ ಬಂದಿದ್ದರು. ಪಂಖಾ ತೂಗುಹಾಕಲು ತೊಲೆಗೆ ಬಡಿದಿದ್ದ ಕಬ್ಬಿಣದ ಕೊಂಡಿಯಲ್ಲಿ ಈಗ ಕರ್ನಾಟಕದ ಭೂಪಟ ತೂಗುತ್ತಿತ್ತು. ಸಾಹೇಬನ ಬಚ್ಚಲುಮನೆ ಮುಖ್ಯೋಪಾಧ್ಯಾಯರ ಕೋಣೆಯಾಗಿತ್ತು. ಮೂಲೆಯಲ್ಲಿ ಮೋರಿ ಹಾಗೇ ಇತ್ತು. ಎಷ್ಟು ಜನ ಮುಖ್ಯೋಪಾಧ್ಯಾಯರು ಬಂದು ಹೋದರೂ ನೆಲದ ಇಳಿಜಾರು ಮಾತ್ರ ಸಾಹೇಬನ ಸ್ನಾನಕ್ಕೇ ನಿಷ್ಠವಾಗಿತ್ತು. ಮೇಜಿನಿಂದ ಬಿದ್ದ ಪೆನ್ಸಿಲನ್ನು ಹುಡುಕಬೇಕಾಗಿರಲಿಲ್ಲ, ಮೋರಿಯ ಬಾಯಲ್ಲಿ ಸಿಗುತ್ತಿತ್ತು.

ಇನ್ನು ಮಾಳಿಗೆ. ಬಯಲುಸೀಮೆಯ ಕಲ್ಲುಮನೆಗಳ ಮಾಳಿಗೆ ಎಲ್ಲರಿಗೂ ಗೊತ್ತಿದ್ದದ್ದೇ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಸವಳಮಣ್ಣು. ಸವಳಮಣ್ಣಿಗೆ ನೀರು ಹೀರುವ ಗುಣವಿಲ್ಲ, ಉಪ್ಪುಪ್ಪಾಗಿ ಬಿಗಿದು ಕೂಡುತ್ತದೆ. ರೋಹಿಣಿ ಮಳೆಗೆ ಮುಂಚೆ ಮನೆಯವರು ಮಾಳಿಗೆ ಹತ್ತಿ, ಸಡಿಲಾದ ಹಳೆಯ ಮಣ್ಣನ್ನು ಕೆರೆದು ತೆಗೆದು, ಹೊಸದನ್ನು ಹಾಕಿ ತುಳಿಯುತ್ತಾರೆ. ತೆಗೆದಷ್ಟೇ ಹಾಕುವುದರಿಂದ ಮಾಳಿಗೆ ಎಂದಿನಷ್ಟೇ ಇರುತ್ತದೆ.

ಶಾಲೆಗೆ ಮನೆಯವರೆಂದು ಯಾರೂ ಇರಲಿಲ್ಲವಾದ್ದರಿಂದ ಊರು ಪಾಳಿ ಮಾಡಿಕೊಂಡಿತ್ತು. ಒಂದು ವರ್ಷ ಗೌಡರ ಓಣಿ, ಮರುವರ್ಷ ಅಂಗಡಿಕಾರರ ಪ್ಯಾಟಿ ಓಣಿ, ಅದರ ಮರುವರ್ಷ ಮಸೂತಿ ಓಣಿ. ಪಾಳಿ ಬಂದ ಓಣಿಯವರು ಎತ್ತಿಗೆ ಜೂಲ ಹೊದಿಸಿ, ಚಕ್ಕಡಿಗೆ ಮಾವಿನ ತೋರಣ ಕಟ್ಟಿ, ತಮ್ಮ ತಮ್ಮ ಕುಣಿಯಿಂದ ಮಣ್ಣು ತರುತ್ತಿದ್ದರು. ಆರಂಭದಲ್ಲಿ ಅವರೂ ಹಳೆಯದನ್ನು ಕೆರೆದೇ ಹಾಕುತ್ತಿದ್ದರೋ ಏನೋ. ಆದರೆ ಯಾವುದೋ ಒಂದು ವರ್ಷ ಪ್ಯಾಟಿ ಓಣಿಯವರು ಗುದ್ದಲಿ ಹಿಡಿದು ಮೇಲೆ ಹತ್ತಿದಾಗ ಗೌಡರ ಓಣಿಯ ಮುದುಕರೊಬ್ಬರು ಕೆಳಗಿನಿಂದ, “ನಾವು ಹಾಕಿದ ಮಣ್ಣ ತೆಗೀತೀರೇನೋ? ನಮ್ಮ ಮಣ್ಣಿಗೇನ್ ರೋಗ ಬಂದಿತ್ತು?” ಎಂದು ಕೂಗಿದರಂತೆ. ಬಡಿದಾಟವಾಯಿತು, ತಲೆ ಒಡೆದವು, ಆಮೇಲೆ ರಾಜಿಯಾಯಿತು. ಅಂದಿನಿಂದ ಒಬ್ಬರ ಮಣ್ಣನ್ನು ಇನ್ನೊಬ್ಬರು ಮುಟ್ಟಕೂಡದೆಂಬುದು ಊರಿನ ರಿವಾಜಾಯಿತು. ಮುಟ್ಟಬಾರದು ಎಂದರೆ ಉಳಿದ ದಾರಿ ಒಂದೇ: ಮೇಲೆ ಹಾಕುವುದು.

ಮಾಳಿಗೆ ಬೆಳೆಯಿತು. ನೀರು ಹೋಗುವ ಹರನಾಳ ಹೂತುಹೋದಾಗ ಅದನ್ನು ಕಿತ್ತು ಮೇಲಕ್ಕೆ ಕೂಡಿಸಿದರು. ಸುತ್ತಲಿನ ಕುಂಬಿಗೋಡೆಯನ್ನು ಎತ್ತರಿಸಿದರು. ಬೆಳಕಿಂಡಿ ಹೋಗುತ್ತ ಹೋಗುತ್ತ ಬಾವಿಯಂತಾಯಿತು. ಒಂದನೆಯ ಇಯತ್ತೆಯ ಮಕ್ಕಳು ತಲೆ ಎತ್ತಿ ನೋಡಿದರೆ ಬಹುದೂರದಲ್ಲಿ ಬಿಲ್ಲೆಯಷ್ಟು ಆಕಾಶ ಕಾಣುತ್ತಿತ್ತು. ಹೊಸದಾಗಿ ಬಂದ ಮಾಸ್ತರರು, “ಇದೇನ್ರಿ, ಸಾಲಿ ಮ್ಯಾಲ ಹೊಲಾ ಐತೇನ್ರಿ?” ಎಂದು ಕೇಳಿದರೆ ಊರವರು ನಕ್ಕು ಸುಮ್ಮನಾಗುತ್ತಿದ್ದರು. ಹಿರಿಯರು ಹಾಕಿದ್ದನ್ನು ತೆಗೆಯುವ ಮಾತು ಊರಲ್ಲಿ ಯಾರ ಬಾಯಲ್ಲೂ ಬರುವಂಥದ್ದಾಗಿರಲಿಲ್ಲ.

ಈ ಪಾಳಿಯಲ್ಲಿ ಕೇರಿ ಇರಲಿಲ್ಲ. ಹಳ್ಳದ ಆಚೆಯ ದಿನ್ನೆಯ ಮೇಲಿನ ಆ ಹತ್ತಿಪ್ಪತ್ತು ಮನೆಗಳವರನ್ನು ಯಾರೂ ಬೇಡವೆಂದಿರಲಿಲ್ಲ. ಬೇಡವೆನ್ನಬೇಕಾದರೆ ಮೊದಲು ಯಾರಾದರೂ ಕೇಳಬೇಕಲ್ಲ. ಓಣಿಗಳಿಗೆ ಪಾಳಿ, ಕೇರಿ ಓಣಿಯಲ್ಲ; ವ್ಯಾಕರಣ ಅಷ್ಟು ಸರಳವಾಗಿತ್ತು. ಕೇರಿಯವರ ಕೆಲಸ ಗೋಡೆಯ ಬುಡದಲ್ಲಿ ನಿಂತು ಹಲಗಿ ಬಾರಿಸುವುದು. ಆ ತಾಳಕ್ಕೆ ಮೇಲಿನವರು ಮಣ್ಣು ತುಳಿಯುತ್ತಿದ್ದರು. ಪರಮಾನಂದರ ತಂದೆ ಶಾಲೆಯ ಹೊರಗಟ್ಟೆಯ ಮೇಲೆ ಕೂತು ಕಿಟಕಿಯಿಂದ ಅಕ್ಷರ ಕಲಿತವರು. ಬಿಸಿಲು ಸರಿದಂತೆ ಕಟ್ಟೆಯ ಮೇಲೆ ತಾವೂ ಸರಿಯುತ್ತಿದ್ದರಂತೆ. ಬೇಸಿಗೆಯಲ್ಲಿ ಅದೇ ಗೋಡೆಗೆ ಒರಗಿ ಹಲಗಿ ಕಾಯಿಸಿ ಬಾರಿಸುತ್ತಿದ್ದರು. ಪರಮಾನಂದರು ಒಳಗೆ ಕೂತು ಕಲಿತರು, ಟ್ರೇನಿಂಗು ಮುಗಿಸಿದರು, ಇಂಡಿ ಸಿಂದಗಿ ತಾಲೂಕುಗಳ ಊರೂರು ತಿರುಗಿ ಕಡೆಗೆ ತಮ್ಮೂರಿನ ಶಾಲೆಗೇ ಮುಖ್ಯೋಪಾಧ್ಯಾಯರಾಗಿ ಬಂದರು. ಈ ನಡುವೆ ಕೇರಿಯವರು ಬೌದ್ಧರಾಗಿ ಹಲಗಿ ಬಾರಿಸುವುದನ್ನು ಬಿಟ್ಟರು. ಊರವರು ಸಿಟ್ಟಾದರು, ಕೆಲವು ದಿನ ಮಾತು ಬಿಟ್ಟರು, ಆಮೇಲೆ ಪ್ಯಾಟಿ ಓಣಿಯ ಬಸಣ್ಣನ ಅಂಗಡಿಯ ಟೇಪ್ ರೆಕಾರ್ಡರು ತಂದು ಕಟ್ಟೆಯ ಮೇಲಿಟ್ಟರು. ಅದರ ಹಾಡಿಗೆ ಕಾಲು ಕೂಡಲಿಲ್ಲ. ಮಣ್ಣು ಸರಿಯಾಗಿ ತುಳಿತವಾಗದೆ ಶಾಲೆ ಸೋರತೊಡಗಿದ್ದು ಆಗಿನಿಂದಲೇ ಎಂದು ಗೌಡರ ಓಣಿಯವರ ವಾದ.

ಆ ವರ್ಷದ ಮೇ ತಿಂಗಳಲ್ಲಿ ಪರಮಾನಂದ ಮಾಸ್ತರರಿಗೆ ಸಿಂದಗಿ ತಾಲೂಕಿನ ಮೋರಟಗಿಗೆ ವರ್ಗವಾಯಿತು. ಶಾಲೆ ತೆರೆಯುವುದರೊಳಗೆ ಹೋಗಬೇಕು. ಅವರಿಗೆ ಈ ಊರಲ್ಲಿ ಮಾಡಬೇಕೆಂದುಕೊಂಡ ಕೆಲಸಗಳೆಲ್ಲ ಮುಗಿದಿದ್ದವು, ಒಂದನ್ನು ಬಿಟ್ಟು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ತಾಯಿ ಸೀತವ್ವನಿಗೆ ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

“ಮಂದಿ ಒಬ್ಬರ ಬಾಯಾಗ ಒಬ್ಬರು ಮಣ್ಣ ಹಾಕಾಕ ಬಡದಾಡ್ತಾರ. ನೀ ಸಾಲಿ ಮ್ಯಾಲ ಹಾಕಾಕ ಬಡದಾಡ್ತೀಯೇನ? ಹಾಕಿದ್ರ ಏನ್ ಬಂಗಾರ ಆಕ್ಕೈತಿ?”

“ಬಂಗಾರ ಬ್ಯಾಡಬೇ. ಮಣ್ಣ ಆದ್ರ ಸಾಕು.”

“ಹಂಗಾರ ಹೋಗಿ ಕೇಳು. ಕೇಳಾಕ ಬಾಯಿ ಐತಿ, ಸಾಲಿ ಕಲಿತೀದಿ.” ಆಕೆ ರೊಟ್ಟಿ ಮಗುಚಿದಳು. “ನಿಮ್ಮಪ್ಪಗ ಬಾಯಿ ಇತ್ತು, ಕೇಳಲಿಲ್ಲ.”

ಮಾಸ್ತರರು ಕೇಳಿದರು. ಶ್ರೀಶೈಲಪ್ಪಗೌಡರು ಶಾಲೆಯ ಸಮಿತಿಗೆ ಅಧ್ಯಕ್ಷರು, ಬಂಗಲೆ ಕಟ್ಟಿಸಿದ ಗೌಡರ ಮರಿಮೊಮ್ಮಗ. ಮನುಷ್ಯ ಕೆಟ್ಟವರಲ್ಲ, ತಮ್ಮ ಒಳ್ಳೆಯತನದ ಬಗ್ಗೆ ಅವರಿಗೆ ಎಷ್ಟು ನಂಬಿಕೆಯಿತ್ತೆಂದರೆ ಅದನ್ನು ಪರೀಕ್ಷಿಸಿ ನೋಡುವ ಅಗತ್ಯ ಅವರಿಗೆ ಎಂದೂ ಕಂಡಿರಲಿಲ್ಲ. ಮಾಸ್ತರರ ಮಾತು ಕೇಳಿ ಅವರು ಎಲೆ ಅಡಿಕೆಯ ತಾಟನ್ನು ಮುಂದೆ ತಳ್ಳಿದರು.

“ಮಾಸ್ತರ್, ಈ ಸಲ ಪಾಳಿ ನಮ್ದೈತಿ.”

“ಗೊತ್ತೈತ್ರಿ ಗೌಡ್ರ. ಅದಕ್ಕ ನಿಮ್ಮ ಹಂತ್ಯಾಕ ಬಂದೇನಿ.”

“ನೀವು ಹೆಡ್ ಮಾಸ್ತರ್ ಅದೀರಿ. ಸಾಲೀನ ನಿಮ್ದು. ಮಣ್ಣೇನ್ ದೊಡ್ಡದು?”

“ದೊಡ್ಡದಲ್ರಿ. ಅದಕ್ಕ ಕೊಡ್ರಿ ಅಂತೇನಿ.”

ಗೌಡರು ಅಡಕತ್ತರಿ ಕೈಗೆತ್ತಿಕೊಂಡರು. ದೊಡ್ಡದೆಂದರೆ ಸಣ್ಣವರಾಗುತ್ತಾರೆ, ಸಣ್ಣದೆಂದರೆ ಕೊಡಬೇಕಾಗುತ್ತದೆ. ಅವರು ಅಡಿಕೆ ಕತ್ತರಿಸುತ್ತ, “ಮೂರೂ ಓಣಿಯವರನ್ನ ಕೂಡಸ್ರಿ. ದೈವ ಏನಂತೈತಿ ನೋಡೂಣು” ಎಂದರು. ಕಡ್ಲಿದಿನ್ನಿಯಲ್ಲಿ ದೈವ ಎಂದರೆ ಊರಿನ ಹಿರಿಯರು. ಬೇಡವೆನ್ನಲು ಯಾರಿಗೂ ಮನಸ್ಸಿಲ್ಲದ ಮಾತನ್ನು ಬೇಡವೆನ್ನುವುದು ಅದರ ಕೆಲಸ.

ದೈವ ಶಾಲೆಯ ದೊಡ್ಡ ಕೋಣೆಯಲ್ಲಿ ಕೂಡಿತು. ಗೌಡರು ಕುರ್ಚಿಯಲ್ಲಿ, ಪ್ಯಾಟಿ ಓಣಿಯ ಬಸಣ್ಣ ಬಾಕಿನ ಮೇಲೆ, ಮಸೂತಿ ಓಣಿಯ ನಬಿಲಾಲ ಕಂಬಕ್ಕೆ ಒರಗಿಕೊಂಡು. ನಬಿಲಾಲ ಗೌಂಡಿ ಕೆಲಸದವನು. ಯಾವ ಮನೆಗೆ ಹೋದರೂ ಮನುಷ್ಯರ ಮುಖ ನೋಡುವುದಕ್ಕಿಂತ ಮೊದಲು ಗೋಡೆ ನೋಡುತ್ತಿದ್ದ. ಮಾಸ್ತರರ ಜತೆ ಅವರ ತಮ್ಮ ಸುಭಾಸ ಬಂದಿದ್ದ. ಸೊಲ್ಲಾಪುರದಲ್ಲಿ ಎಲೆಕ್ಟ್ರಿಕ್ ಕೆಲಸ ಮಾಡುವವನು, ರಜೆಗೆ ಬಂದವನು, ಮಾತಿಗೆ ಪ್ಲಗ್ಗು ಇಲ್ಲದವನು.

ಚಹಾ ಬಂತು. ಮಾತು ಬಹಳ ಮರ್ಯಾದೆಯಿಂದ ನಡೆಯಿತು. ಕೇರಿಯವರು ಮಣ್ಣು ಹಾಕಬಾರದೆಂದು ಒಬ್ಬರೂ ಅನ್ನಲಿಲ್ಲ. ಹಾಕಲಿ, ಆದರೆ ರಿವಾಜು ಏನಾಗಬೇಕು ಎಂದಷ್ಟೇ ಎಲ್ಲರ ಚಿಂತೆ.

“ಇವರನ್ನ ಸೇರಿಸಿಕೊಂಡ್ರ ನಾಲ್ಕು ವರ್ಸಕ್ಕ ಒಂದ್ ಪಾಳಿ ಬರ್ತೈತಿ,” ಎಂದ ಬಸಣ್ಣ. “ನಮ್ಮ ಓಣಿ ಹುಡುಗರು ಸಿಟ್ಟಾಕ್ಕಾರ.”

“ಯಾಕ್ ಸಿಟ್ಟಾಕ್ಕಾರ ಕಾಕಾ?” ಸುಭಾಸ ಕೇಳಿದ. “ಮಣ್ಣ ಹೊರೂದು ತಪ್ಪತೈತಲ್ಲ, ಖುಷಿ ಆಗಬೇಕು.”

“ತಮ್ಮಾ, ಹೊರೂದಲ್ಲ ಅದು. ಸೇವಾ.”

“ಹಂಗಾರ ನಾವು ಇಷ್ಟ್ ವರ್ಸ ಹೊತ್ತದ್ದೆಲ್ಲ ಏನ್ ಕಾಕಾ?”

ಬಸಣ್ಣ ಚಹಾದ ಬಸಿಯೊಳಗೆ ನೋಡಿದ. ಪರಮಾನಂದರು ತಮ್ಮನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದರು. ಶ್ರೀಶೈಲಪ್ಪಗೌಡರಿಗೆ ಈ ಹೊತ್ತಿನಲ್ಲಿ ಉದಾರತೆ ಉಕ್ಕಿ ಬಂತು. ಹೇಗೂ ಮಾಸ್ತರರು ವರ್ಗವಾಗಿ ಹೋಗುವವರು. ಒಂದು ವರ್ಷ ಕೊಟ್ಟರೆ ಅದು ಮಾಸ್ತರರಿಗೆ ಕೊಟ್ಟಂತಾಗುತ್ತದೆ, ಕೇರಿಗೆ ಕೊಟ್ಟಂತಾಗುವುದಿಲ್ಲ. ಅವರು ಎದ್ದು ನಿಂತರು.

“ಕೇಳ್ರಿ ದೈವದವರು. ಈ ವರ್ಸ ನಮ್ಮ ಪಾಳಿ ನಾನು ಮಾಸ್ತರರಿಗೆ ಬಿಟ್ಟು ಕೊಡ್ತೇನಿ. ಈ ಸಾಲಿಯೊಳಗ ಭೇದ ಅನ್ನೂದು...”

ಅಷ್ಟರಲ್ಲಿ ಮೇಲಿನಿಂದ ಒಂದು ಸದ್ದು ಬಂತು. ಒಣ ಕಟ್ಟಿಗೆಯನ್ನು ಮೊಣಕಾಲಿಗೆ ಕೊಟ್ಟು ಮುರಿದಂಥ ಸದ್ದು. ಪಂಖಾದ ಕೊಂಡಿ ಬಡಿದಿದ್ದ ತೊಲೆಯಿಂದ ಒಂದು ಹಿಡಿ ಧೂಳು ಇಳಿದು ಗೌಡರ ಕಪ್ಪಿನಲ್ಲಿ ನೇರವಾಗಿ ಬಿತ್ತು. ಕರ್ನಾಟಕ ಸ್ವಲ್ಪ ವಾಲಿತು.

ದೈವ ಎಷ್ಟು ಬೇಗ ಹೊರಗೆ ಬಂತೆಂದರೆ ಚಪ್ಪಲಿಗಳು ಒಳಗೇ ಉಳಿದವು.

ಸಭೆ ಬೇವಿನ ಗಿಡದ ಕೆಳಗೆ ಮುಂದುವರಿಯಿತು. ನಬಿಲಾಲನೊಬ್ಬನೇ ಒಳಗೆ ಹೋಗಿ ತೊಲೆ ನೋಡಿ ಬಂದ. ಎರಡು ಕಂಬ ಆನಿಕೆ ಕೊಟ್ಟು ನಿಲ್ಲಿಸಬೇಕು ಎಂದ. ಇನ್ನೊಂದು ಬುಟ್ಟಿ ಮಣ್ಣು ಬಿದ್ದರೂ ತೊಲೆ ಉಳಿಯುವುದಿಲ್ಲ ಎಂದ. ಆಮೇಲೆ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತನ್ನು ಆಡಿದ: “ಮ್ಯಾಲಿಂದು ಎಲ್ಲಾ ತೆಗೀಬೇಕ್ರಿ. ತೊಲಿ ಮಟ ತೆಗೀಬೇಕು.”

ಗಿಡದ ಕೆಳಗಿದ್ದವರೆಲ್ಲ ಮಾಳಿಗೆಯ ಕಡೆಗೆ ತಲೆ ಎತ್ತಿದರು.

“ತೆಗೆಯೂದು ಅಂದ್ರ, ಯಾರ್ದು ಯಾರು ತೆಗೀಬೇಕು?” ಎಂದ ಬಸಣ್ಣ.

ಗೌಡರು ಗಂಟಲು ಸರಿಪಡಿಸಿಕೊಂಡರು. ಅರ್ಧಕ್ಕೆ ನಿಂತಿದ್ದ ಉದಾರತೆಯನ್ನು ಪೂರ್ತಿ ಮಾಡುವ ದಾರಿ ಅವರಿಗೆ ಹೊಳೆದಿತ್ತು. “ಈ ವರ್ಸ ಪಾಳಿ ಕೇರಿಯವರಿಗೆ ಕೊಟ್ಟೇವಲ್ಲ. ತೆಗೆಯೂದೂ ಅವರ ಮಾಡ್ಲಿ, ಹಾಕೂದೂ ಅವರ ಮಾಡ್ಲಿ. ಪೂರಾ ಮಾನ ಅವರ್ದ.”

ಸುಭಾಸ ನಕ್ಕ. ಆ ನಗು ಚೆನ್ನಾಗಿರಲಿಲ್ಲ. “ಭಾರಿ ಆತ್ರಿ ಗೌಡ್ರ. ಹಾಕೂ ಕಾಲಕ್ಕ ನಾವು ಯಾರಿಗೂ ನೆನಪಿಲ್ಲ, ಬಳಿಯೂ ಕಾಲಕ್ಕ ಊರಿಗೆಲ್ಲ ನೆನಪಾದಿವಿ. ಅಣ್ಣಾ, ಏಳು. ಮನಿಗೆ ಹೋಗೂಣು.”

ಪರಮಾನಂದರು ಏಳಲಿಲ್ಲ. ತಮ್ಮನ ಮಾತು ನಿಜವೆಂದು ಅವರಿಗೆ ಗೊತ್ತಿತ್ತು. ಎದ್ದು ಹೋದರೆ ನಿಜ ಉಳಿಯುತ್ತದೆ, ಮಣ್ಣು ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ಅವರು ಕಲಿತದ್ದು ಒಂದೇ ವಿದ್ಯೆ: ಯಾರನ್ನಾದರೂ ಒಪ್ಪಿಸಬೇಕಾದರೆ ನಿನ್ನ ನಿಯಮ ಹೇಳಬೇಡ, ಅವರ ನಿಯಮವನ್ನೇ ಅವರಿಗೆ ಓದಿ ಹೇಳು.

“ಗೌಡ್ರ, ನಾವು ತೆಗೀತೇವ್ರಿ. ಆದ್ರ ರಿವಾಜ್ ಏನೈತಿ? ಒಬ್ಬರ ಮಣ್ಣ ಇನ್ನೊಬ್ಬರು ಮುಟ್ಟಬಾರದು. ಅದರ ಮ್ಯಾಲ ತಲಿ ಒಡದಾವು. ನಾವು ಮುಟ್ಟಿ ನಾಳೆ ಯಾರರೆ ‘ನಮ್ಮಪ್ಪ ಹಾಕಿದ ಮಣ್ಣ ಕೇರಿಯವರು ಬಳದ್ರು’ ಅಂದ್ರ?”

ಯಾರಾದರೂ ಹಾಗೆ ಅನ್ನುವುದು ಖಂಡಿತವೆಂದು ಎಲ್ಲರಿಗೂ ಅನ್ನಿಸಿತು. ಬಸಣ್ಣನಿಗಂತೂ ಅನ್ನುವವನು ಯಾರೆಂಬುದೂ ಗೊತ್ತಿದ್ದಂತಿತ್ತು. ಅವನು ಗಿಡದ ಬುಡದಲ್ಲಿ ಕೂತಿದ್ದ ತನ್ನ ಚಿಕ್ಕಪ್ಪನ ಕಡೆಗೆ ನೋಡಿದ.

“ಮತ್ತ ಹೆಂಗ?” ಎಂದರು ಗೌಡರು.

“ಅವರವರ ಮಣ್ಣ ಅವರವರ ತೆಗೀಲಿ.”

ನಬಿಲಾಲ ತಲೆಯಾಡಿಸಿದ. ಮಣ್ಣನ್ನು ಗುರುತಿಸುವುದು ಕಷ್ಟವಿರಲಿಲ್ಲ. ಗೌಡರ ಓಣಿಯ ಕುಣಿಯದು ಸುಣ್ಣದಂತೆ ಬಿಳಿ, ಪ್ಯಾಟಿ ಓಣಿಯದು ಅರಿಶಿಣದ ಛಾಯೆ, ಮಸೂತಿ ಓಣಿಯದು ಬೂದಿ ಬಣ್ಣ. ಕೊಯ್ದ ಕಡಬಿನ ಪದರಿನಂತೆ ಅವು ಒಂದರ ಮೇಲೊಂದು ಕೂತಿರುವುದು ಬೆಳಕಿಂಡಿಯ ಗೋಡೆಯಲ್ಲಿ ಕಾಣುತ್ತಲೇ ಇತ್ತು.

ಹೀಗೆ ಕಡ್ಲಿದಿನ್ನಿಯಲ್ಲಿ ಪಾಳಿ ಹಿಂದುಮುಂದಾಗಿ ಓಡಿತು. ತೊಲೆಗೆ ಆನಿಕೆ ಕೊಟ್ಟು, ಮೊದಲು ಮಸೂತಿ ಓಣಿಯವರು ಹತ್ತಿ ಹೋದ ವರ್ಷದ ತಮ್ಮ ಬೂದಿಮಣ್ಣನ್ನು ತೆಗೆದು ಇಳಿದರು. ಪ್ಯಾಟಿ ಓಣಿಯವರು ಹತ್ತಿ ಅದರ ಹಿಂದಿನ ವರ್ಷದ್ದನ್ನು ತೆಗೆದು ಇಳಿದರು. ಆಮೇಲೆ ಗೌಡರ ಓಣಿ, ಮತ್ತೆ ಮಸೂತಿ ಓಣಿ. ಒಂದು ಓಣಿಯವರು ಮೇಲಿರುವಾಗ ಉಳಿದೆರಡು ಓಣಿಯವರು ಕೆಳಗೆ ಬೀಡಿ ಸೇದುತ್ತ, ತಮ್ಮ ಮಣ್ಣಿಗೆ ಗುದ್ದಲಿಯ ತುದಿ ತಾಗದಂತೆ ಕಾವಲಿದ್ದರು. “ಏ, ಹಳದಿ ಬಂತು! ಬಿಡೋ, ಬಿಡೋ! ನಮ್ದದು!” ಎಂದು ಕೂಗು ಕೇಳಿದರೆ ಮೇಲಿನವನು ಎತ್ತಿದ ಗುದ್ದಲಿಯನ್ನು ಗಾಳಿಯಲ್ಲೇ ನಿಲ್ಲಿಸುತ್ತಿದ್ದ. ಇಂಗಳೇಶ್ವರದ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಈ ದೃಶ್ಯ ನೋಡಿ, ಶಾಲೆ ಕಟ್ಟುತ್ತಿದ್ದಾರೋ ಕೆಡವುತ್ತಿದ್ದಾರೋ ತಿಳಿಯದೆ ತಲೆ ಒಳಗೆಳೆದುಕೊಂಡರು.

ಈ ಶಿಸ್ತು ಎರಡು ದಿನ ನಡೆಯಿತು. ಮೂರನೆಯ ದಿನ ಬಿಸಿಲು ಹೆಚ್ಚಾಯಿತು. ಯಾರೋ ಒಬ್ಬ, ತನ್ನದು ಮುಗಿದ ಮೇಲೆ ಇಳಿದು ಮತ್ತೆ ಹತ್ತುವುದೇಕೆಂದು ಮೇಲೆಯೇ ಕೂತ. ಕೂತವನು ಸುಮ್ಮನಿರಲಾರದೆ ಇನ್ನೊಬ್ಬರ ಬುಟ್ಟಿಗೆ ಕೈ ಕೊಟ್ಟ. ಸಂಜೆಯ ಹೊತ್ತಿಗೆ ಬಿಳಿ, ಹಳದಿ, ಬೂದಿ ಯಾವುದನ್ನೂ ನೋಡದೆ ಮೂರೂ ಓಣಿಯವರು ಕೂಡಿ ಬಳಿಯುತ್ತಿದ್ದರು. ಒಬ್ಬರ ಮಣ್ಣನ್ನು ಒಬ್ಬರು ಮುಟ್ಟಬಾರದೆಂಬ ರಿವಾಜು ಮುರಿದದ್ದು ಯಾರ ಲಕ್ಷ್ಯಕ್ಕೂ ಬರಲಿಲ್ಲ, ಬಂದವರು ಹೇಳಲಿಲ್ಲ. ತೆಗೆದ ಮಣ್ಣನ್ನು ಶಾಲೆಯ ಬಯಲಿಗೆ ಸುರಿದರು. ತಗ್ಗುದಿನ್ನೆಯಾಗಿದ್ದ ಬಯಲು ಸಪಾಟಾಯಿತು.

ಇಳಿಯುತ್ತ ಹೋದಂತೆ ಒಂದೊಂದೇ ಸಾಮಾನು ಹೊರಬಿತ್ತು. ರಬ್ಬರಿನ ಚೆಂಡು, ಪಾಟಿಯ ಚೂರು, ಎಡಗಾಲಿನ ಚಪ್ಪಲಿ, ತಳವಿಲ್ಲದ ಲಾಟೀನು. ತೂತು ಬಿದ್ದ ಒಂದು ಹಿತ್ತಾಳೆಯ ಗಂಟೆಯೂ ಸಿಕ್ಕಿತು. ತಾವು ಎರಡನೆಯ ಇಯತ್ತೆಯಲ್ಲಿದ್ದಾಗ ಆ ಗಂಟೆ ಕಳುವಾಗಿತ್ತೆಂದೂ, ಅದಕ್ಕಾಗಿ ಇಡೀ ತರಗತಿಗೆ ಹೊಡೆತ ಬಿದ್ದಿತ್ತೆಂದೂ ಪರಮಾನಂದರಿಗೆ ನೆನಪಿತ್ತು. ಶ್ರೀಶೈಲಪ್ಪಗೌಡರು ಅದೇ ತರಗತಿಯವರು. ಅವರು ಗಂಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, “ಯಾರರೆ ಒಗೆದಿರಬೇಕು” ಎಂದು ಪಕ್ಕಕ್ಕಿಟ್ಟರು.

ಕಡೆಯ ಪದರು ಐದನೆಯ ದಿನ ಬಂತು. ಸೊಪ್ಪು ಮಣ್ಣಾಗಿ, ಜಂತಿಗಳ ಬೆನ್ನು ಅಲ್ಲಲ್ಲಿ ಕಾಣುತ್ತಿತ್ತು. ಮಿಕ್ಕ ಕಡೆ ಗೇಣು ದಪ್ಪದ ಮಣ್ಣು ಉಳಿದಿತ್ತು. ಬಸಣ್ಣ ಗುದ್ದಲಿ ಎತ್ತಿ, ನಿಂತ. ಅದು ಬಿಳಿಯೂ ಅಲ್ಲ, ಹಳದಿಯೂ ಅಲ್ಲ, ಬೂದಿಯೂ ಅಲ್ಲ. ಕೆಂಪಿತ್ತು. ಸುಟ್ಟ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿದಂಥ ಕೆಂಪು.

“ಇದ್ಯಾರ್ದೋ?”

ಮಾಳಿಗೆಯ ಮೇಲಿದ್ದವರು ಒಬ್ಬೊಬ್ಬರಾಗಿ ಬಂದು ನೋಡಿದರು. ಆಮೇಲೆ ಯಾರು ಮೊದಲೋ ತಿಳಿಯದು, ಒಬ್ಬ ತಲೆ ಎತ್ತಿ ಹಳ್ಳದ ಆಚೆ ನೋಡಿದ. ಉಳಿದವರೂ ನೋಡಿದರು. ದಿನ್ನೆಯ ಮೇಲೆ ಕೇರಿಯ ಮನೆಗಳು ಸಂಜೆಯ ಬಿಸಿಲಿನಲ್ಲಿ ನಿಂತಿದ್ದವು. ಕೇರಿಯವರಿಗೆ ಊರಿನ ಕುಣಿಗಳಲ್ಲಿ ಮಣ್ಣು ತೆಗೆಯಲು ಬಿಡುತ್ತಿರಲಿಲ್ಲವಾದ್ದರಿಂದ ಅವರು ತಮ್ಮ ದಿನ್ನೆಯನ್ನೇ ಅಗೆದು ಗೋಡೆ, ಮಾಳಿಗೆ ಎಲ್ಲ ಮಾಡಿಕೊಂಡಿದ್ದರು. ಆ ಗೋಡೆಗಳು, ಆ ಮಾಳಿಗೆಗಳು ಅದೇ ಕೆಂಪು.

ಪರಮಾನಂದರು ಬಗ್ಗಿ ಒಂದು ಹೆಂಟೆ ಎತ್ತಿಕೊಂಡರು. ಮಾತು ತೆಗೆದವರು ಗೌಡರು, ಅವರ ಮುಖ ಇದ್ದಕ್ಕಿದ್ದಂತೆ ಅರಳಿತ್ತು.

“ಮಾಸ್ತರ್! ಇದು ನಿಮ್ಮ ಮಣ್ಣಲ್ಲೇನ್ರಿ?”

“ಹಂಗ ಕಾಣತೈತ್ರಿ.”

“ಕಾಣೂದೇನು, ಅದ ಐತಿ! ಮೊಟ್ಟಮೊದಲ ಮಣ್ಣ ನಿಮ್ಮವರ ಹಾಕ್ಯಾರ.” ಗೌಡರು ಸುತ್ತ ಇದ್ದವರ ಕಡೆ ತಿರುಗಿದರು. “ನೋಡ್ರಪಾ, ಕೇರಿಯವರಿಗೆ ಪಾಳಿ ಇಲ್ಲ ಅಂತ ಯಾರಂದ್ರು? ನಮ್ಮ ಮುತ್ತ್ಯಾ ಮೊದಲನೇ ಪಾಳಿ ಇವರಿಗೆ ಕೊಟ್ಟಾನ. ಆಗಿ ಹೋಗೈತಿ. ಇನ್ನ ಏನ್ ಕೇಳ್ತೀರಿ ಮಾಸ್ತರ್? ಆಗಿ ಹೋದದ್ದನ್ನ ಮತ್ತ ಕೊಡು ಅಂದ್ರ ಹೆಂಗ?”

ಬಿಟ್ಟುಕೊಟ್ಟ ಪಾಳಿ ಹೀಗೆ ಯಾರ ಮನಸ್ಸೂ ನೋಯದಂತೆ ವಾಪಸು ಬಂದದ್ದಕ್ಕೆ ಗೌಡರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಕೇರಿಯವರ ಮಣ್ಣು ಸಿಕ್ಕದ್ದೂ ಸಂತೋಷವೇ. ಎರಡೂ ಸಂತೋಷಗಳು ಅವರೊಳಗೆ ಜಗಳವಾಡದೆ ಕೂತಿದ್ದವು.

ಸುಭಾಸ ಬಾಯಿ ತೆರೆದ. ಮಾಸ್ತರರು ಕೈಯೆತ್ತಿ ತಡೆದರು. ಅವರು ಹೆಂಟೆಯನ್ನು ಬೆರಳಿನಿಂದ ಉಜ್ಜುತ್ತ, ತರಗತಿಯಲ್ಲಿ ತಪ್ಪು ಲೆಕ್ಕ ಮಾಡಿದ ಹುಡುಗನಿಗೆ ಹೇಳುವ ದನಿಯಲ್ಲಿ ಹೇಳಿದರು:

“ಖರೇರಿ ಗೌಡ್ರ. ಮೊದಲ್ನೇ ಪಾಳಿ ನಮ್ದು ಆಗೇತಿ. ಆಮ್ಯಾಲ ನಿಮ್ದು ಆತು, ಪ್ಯಾಟಿ ಓಣಿಯವರ್ದು ಆತು, ನಬಿಲಾಲವರದು ಆತು. ಈಗ ಎಲ್ಲಾರೂ ತಮ್ಮ ತಮ್ಮದು ತಗದು ಇಳಿಸ್ಯಾರ. ಅಂದ್ರ ಸುತ್ತು ಮುಗೀತು. ಹೊಸಾ ಸುತ್ತು ಎಲ್ಲಿಂದ ಸುರು ಆಗಬೇಕ್ರಿ?”

ಗೌಡರು ನಬಿಲಾಲನ ಕಡೆಗೆ ನೋಡಿದರು.

“ಪಾಳಿ ಅಂದ್ರ ಮೊದಲಿನವರಿಂದನ ಅಲ್ರೀ,” ಎಂದ ನಬಿಲಾಲ, ತೊಲೆಯ ಕಡೆಗೆ ನೋಡುತ್ತ.

ಬಸಣ್ಣ ಮನಸ್ಸಿನಲ್ಲೇ ಏನೋ ತೂಗಿ ನೋಡುತ್ತಿದ್ದ. ಬರಿ ಜಂತಿಯ ಮೇಲೆ ಹೊಸ ಸೊಪ್ಪು ಹಾಸಿ, ತಳದಿಂದ ಮಣ್ಣು ತುಂಬಿ ತುಳಿಯುವುದು ಎಂಥ ಕೆಲಸವೆಂದು ಅವನಿಗೆ ಗೊತ್ತಿತ್ತು. ಮುಂದಿನ ವರ್ಷದವರಿಗೆ ಮೇಲೊಂದು ತೆಳ್ಳನೆಯ ಪದರು ಹಾಕಿದರೆ ಮುಗಿಯಿತು. ಅವನು ಗೌಡರ ಕಿವಿಯ ಹತ್ತಿರ ಬಾಗಿದ. ಆದರೆ ಬಸಣ್ಣನ ಪಿಸುಮಾತು ಅಂಗಡಿಯ ಕೂಗಿಗಿಂತ ದೊಡ್ಡದು. “ಗೌಡ್ರ, ಹೂಂ ಅನ್ರಿ. ಗಾಡಿಗಟ್ಟಲೆ ಮಣ್ಣ ಬೇಕು ಈ ಸಲ. ಎತ್ತ ಸತ್ತು ಹೊಕ್ಕಾವು.”

ಗೌಡರ ಉದಾರತೆ ಮೂರನೆಯ ಬಾರಿಗೆ ಎದ್ದು ನಿಂತಿತು. “ನಾನು ಆವತ್ತ ಕೊಟ್ಟೇನಿ ಅಂದಿದ್ನಲ್ಲ? ಗೌಡನ ಮಾತು ಒಂದ.”

ಏಣಿ ಇಳಿಯುವಾಗ ಸುಭಾಸ ಹೇಳಿದ: “ಅಣ್ಣಾ, ಭಾರಿ ಕೆಲಸ ನಮಗ ಬಿತ್ತು. ಗೊತ್ತಾತಿಲ್ಲೊ?”

“ಗೊತ್ತಾತು.”

“ಆವಾಗೂ ಹಿಂಗ ಬಿದ್ದಿರಬೇಕು.”

“ಬಿದ್ದಿರಬೇಕು,” ಎಂದರು ಮಾಸ್ತರರು. “ಈ ಸಲ ಎತ್ತಿಗೆ ಜೂಲ ಹೊದಸಬೇಕು. ಯಾರ ಮನ್ಯಾಗ ಅದಾವ ಕೇಳಿ ಬಾ.”

ಕೇರಿಯಲ್ಲಿ ಜೂಲ ಇರಲಿಲ್ಲ. ಸೀತವ್ವ ತನ್ನ ಹಳೆಯ ಇಳಕಲ್ಲ ಸೀರೆ ಎರಡನ್ನು ಹರಿದು ಕೊಟ್ಟಳು, “ಬಂಗಾರ ಬ್ಯಾಡ ಅಂದಿ, ಈಗ ರೇಸಿಮಿ ಕೇಳ್ತೀ” ಎಂದು ಬಯ್ಯುತ್ತ. ಕೆಂಪು ದಿನ್ನೆಯಿಂದ ಚಕ್ಕಡಿಗಳು ಹಳ್ಳ ದಾಟಿ ಊರ ನಡುವೆ ಬಂದವು. ಗೌಡರ ಓಣಿಯವರು ಕಟ್ಟೆಯ ಮೇಲೆ ನಿಂತು ನೋಡಿದರು. ಒಬ್ಬಿಬ್ಬರು ಎತ್ತಿನ ಬಗ್ಗೆ ಒಳ್ಳೆಯ ಮಾತಾಡಿದರು. ಮನುಷ್ಯರ ಬಗ್ಗೆ ಆಡಲು ಅಷ್ಟು ಬೇಗ ಮಾತು ಒದಗಲಿಲ್ಲ. ಹಳೆಯ ಕೆಂಪು ಪದರು ಇಳಿದ ಮೇಲೆ ನಬಿಲಾಲ ಮುರಿದ ತೊಲೆ ತೆಗೆದು ಬೇರೆ ಹಾಕಿದ್ದ. ಬಸಣ್ಣ ಟೇಪ್ ರೆಕಾರ್ಡರು ತಂದಿಟ್ಟ. ಅದು ಎರಡು ಹಾಡಿಗೇ ರೀಲು ನುಂಗಿ ನಿಂತಿತು. ಆಮೇಲೆ ಕೇರಿಯ ಹುಡುಗಿಯರು ತಾವೇ ಒಂದು ಪದ ಕಟ್ಟಿ ಹೇಳುತ್ತ ತುಳಿದರು. ಕಾಲು ಕೂಡಿತು.

ತುಳಿತ ಶುರುವಾಗುವ ಮುಂಚೆ, ಮೊದಲ ಬುಟ್ಟಿಯನ್ನು ಪರಮಾನಂದ ಮಾಸ್ತರರು ತಾವೇ ಹಾಕುವುದಾಗಿ ಹೇಳಿದ್ದರು. ಬಿಳಿ ಶರ್ಟು, ಇಸ್ತ್ರಿ ಮಾಡಿದ ಪ್ಯಾಂಟು. ಬುಟ್ಟಿ ಹೊತ್ತು ಏಣಿ ಹತ್ತಿ ಎಷ್ಟು ಕಾಲವಾಗಿತ್ತೋ ಅವರಿಗೆ ನೆನಪಿರಲಿಲ್ಲ. ಮೇಲೆ ಹೋಗಿ, ಯಾವ ಕಡೆ ಸುರಿಯಬೇಕೆಂದು ತಿಳಿಯದೆ ತಮ್ಮ ಕೋಣೆಯ ಮೇಲಿನ ಮೂಲೆಗೆ ಹೋದರು. ಅದರ ಕೆಳಗೇ ಹೊರಗಟ್ಟೆ, ಅವರ ತಂದೆ ಬಿಸಿಲಿನ ಜತೆ ಸರಿಯುತ್ತಿದ್ದ ಕಟ್ಟೆ. ಬುಟ್ಟಿ ಬೋರಲು ಹಾಕಿ, ಬೂಟು ಬಿಚ್ಚಿ, ನಾಲ್ಕು ಸಲ ತುಳಿದರು.

“ಏ ಪರಮ್ಯಾ!” ಕೆಳಗಿನಿಂದ ಸೀತವ್ವ ಕೂಗಿದಳು. “ತುಳಿಯಾಕತ್ತೀಯೋ, ಮುಳ್ಳ ದಾಟಾಕತ್ತೀಯೋ? ಆ ಮೂಲಿ ಸೋರತೈತಿ ನೋಡು!”

ಮಂದಿ ನಕ್ಕರು. ಮಾಸ್ತರರೂ ನಕ್ಕು, ಇನ್ನೆರಡು ಸಲ ತುಳಿದು ಇಳಿದರು. ಆ ಮೂಲೆ ಮೊದಲ ಬುಟ್ಟಿಯದೆಂದು ಆಮೇಲೆ ಯಾರೂ ಮತ್ತೆ ತುಳಿಯಲು ಹೋಗಲಿಲ್ಲ.

ಜೂನ್ ಮೊದಲ ವಾರದಲ್ಲಿ ಅವರು ಮೋರಟಗಿಗೆ ಹೋಗಿ ಹಾಜರಾದರು. ಕಡ್ಲಿದಿನ್ನಿಗೆ ಸುನಂದಾ ಎಂಬ ಮುಖ್ಯೋಪಾಧ್ಯಾಯಿನಿ ಬಂದರು. ಆ ಮಳೆಗಾಲದಲ್ಲಿ ಶಾಲೆ ಒಂದೇ ಕಡೆ ಸೋರಿತು, ಆಕೆಯ ಕೋಣೆಯಲ್ಲಿ. ನೀರು ಸಾಹೇಬನ ಮೋರಿಯಿಂದ ಹೊರಗೆ ಹೋಯಿತು. ಮರುವರ್ಷ ಪಾಳಿ ಗೌಡರ ಓಣಿಯದು. ಅವರು ಕೆಂಪು ಮಣ್ಣನ್ನು ಕೆರೆಯಲಿಲ್ಲ. ಅದರ ಮೇಲೆ ತಮ್ಮ ಬಿಳಿ ಮಣ್ಣು ಹಾಕಿದರು.